ಡಾಂಗಲ್ ಕಂಡರೆ ರೇಡಿಯೋ ಕಂಡಂತಲ್ಲ

ಪ್ರಶ್ನೆ: ನಾನು ಮಂಡ್ಯದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಗೆಳೆಯರು ಸೇರಿ ಫೋಮ್ ಬೋರ್ಡಿನಲ್ಲಿ ಒಂದು ರೇಡಿಯೋ ಕಂಟ್ರೋಲ್ ವಿಮಾನ ಮಾಡಿದೆವು. ಮೊದಲ ದಿನವೇ ಕಬ್ಬಿನ ಗದ್ದೆಗೆ ಹೋಗಿ ಬಿತ್ತು. ಮೊದಲು ಕಂಪ್ಯೂಟರ್ ಸಿಮ್ಯುಲೇಟರ್‌ನಲ್ಲಿ ಕಲಿಯಿರಿ ಅಂತ ಸೀನಿಯರ್‌ಗಳು ಹೇಳಿದರು. ನಮ್ಮ ರೇಡಿಯೋ, ಅಂದರೆ ಕೈಯಲ್ಲಿ ಹಿಡಿಯುವ ಟ್ರಾನ್ಸ್‌ಮಿಟರ್, ಫ್ಲೈಸ್ಕೈ ಎಫ್‌ಎಸ್-ಐ6. ಹಿಂದೆ ಒಂದು ಗುಂಡು ಸಾಕೆಟ್ ಇದೆ, ಯುಎಸ್‌ಬಿ ಇಲ್ಲ. ರೇಡಿಯೋವನ್ನು ಕಂಪ್ಯೂಟರಿನ ಯುಎಸ್‌ಬಿಗೆ ಜೋಡಿಸಲು 22 ಇನ್ 1 ಅಂತ ಬರೆದಿರುವ ಡಾಂಗಲ್ ತರಿಸಿದೆವು. ವಿಂಡೋಸ್‌ನಲ್ಲಿ ಜಾಯ್‌ಸ್ಟಿಕ್ ಕಾಣಿಸುತ್ತದೆ, ಆದರೆ ಸ್ಟಿಕ್ ಅಲ್ಲಾಡಿಸಿದರೆ ಏನೂ ಆಗುವುದಿಲ್ಲ. ಒಂದೆರಡು ಸಲ ಆಯಿತು, ಆಗ ವಿಮಾನ ತಾನಾಗಿಯೇ ಎಡಕ್ಕೆ ಮಗುಚಿಕೊಂಡು ಬಿತ್ತು. ಕೇಬಲ್ ಸರಿಯಿಲ್ಲವೋ, ರೇಡಿಯೋ ಸರಿಯಿಲ್ಲವೋ? ಯುಎಸ್‌ಬಿ ಇರುವ ಬೇರೆ ರೇಡಿಯೋ ಕೊಳ್ಳಬೇಕಾ?

ಉತ್ತರ: ಬೇರೆ ರೇಡಿಯೋ ಬೇಡ. ಇರುವುದೇ ಸಾಕು. ಗದ್ದೆಗೆ ಬಿದ್ದ ವಿಮಾನ ಕೈಗೆ ಸಿಕ್ಕಿತಾ ಇಲ್ಲವಾ ಅಂತ ನೀವು ಬರೆದಿಲ್ಲ. ಆಳೆತ್ತರ ಬೆಳೆದ ಕಬ್ಬಿನೊಳಗೆ ನುಗ್ಗಿ ಬಿಳಿ ಫೋಮ್ ಹುಡುಕುವ ಕಷ್ಟ ನನಗೂ ಗೊತ್ತು. ಸೋಗೆ ಕೈ ಮುಖ ಎಲ್ಲ ಕೊಯ್ದು ಹಾಕುತ್ತದೆ. ಗದ್ದೆಯ ಯಜಮಾನರು ಬಂದರೆ ಅದು ಬೇರೆ ಕಥೆ.

ನೀವು ಹೇಳಿರುವುದು ಒಂದು ತೊಂದರೆ ಅಲ್ಲ, ಎರಡು. ಸ್ಟಿಕ್ ಅಲ್ಲಾಡಿಸಿದರೂ ಏನೂ ಆಗದಿರುವುದು ಒಂದು. ವಿಮಾನ ತಾನೇ ಮಗುಚುವುದು ಇನ್ನೊಂದು. ಮೊದಲನೆಯದಕ್ಕೆ ತಂತಿಯ ದಾರಿಯಲ್ಲಿ ಹುಡುಕಬೇಕು, ಎರಡನೆಯದಕ್ಕೆ ಸೆಟ್ಟಿಂಗ್‌ಗಳಲ್ಲಿ. ಎರಡನ್ನೂ ಒಟ್ಟಿಗೆ ಸರಿಮಾಡಲು ಹೊರಟರೆ ತಲೆ ಕೆಟ್ಟುಹೋಗುತ್ತದೆ.

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಲಿ. ವಿಂಡೋಸ್‌ನಲ್ಲಿ ಜಾಯ್‌ಸ್ಟಿಕ್ ಕಾಣಿಸುತ್ತದೆ ಅಂದಿರಲ್ಲ, ಅದು ನಿಮ್ಮ ರೇಡಿಯೋ ಅಲ್ಲ, ಡಾಂಗಲ್. ಅದರೊಳಗಿನ ಚಿಪ್ಪೇ ಕಂಪ್ಯೂಟರಿಗೆ ‘ನಾನೊಂದು ಜಾಯ್‌ಸ್ಟಿಕ್’ ಅಂತ ಹೇಳಿಕೊಳ್ಳುತ್ತದೆ. ರೇಡಿಯೋ ಮನೆಯಲ್ಲಿ ಬಿಟ್ಟು ಬರೀ ಡಾಂಗಲ್ ಚುಚ್ಚಿದರೂ ಅದು ಹಾಗೆಯೇ ಹೇಳುತ್ತದೆ. ಹಾಗಾಗಿ ಹೆಸರು ಕಂಡಿತು ಅಂದರೆ ಯುಎಸ್‌ಬಿ ಕಡೆಯ ಅರ್ಧ ದಾರಿ ಸರಿಯಿದೆ ಅಂತ ಅಷ್ಟೇ. ಮಿಕ್ಕ ಅರ್ಧ ರೇಡಿಯೋದಿಂದ ಡಾಂಗಲ್‌ವರೆಗೆ. ನಿಮ್ಮ ತೊಂದರೆ ಇರುವುದು ಅಲ್ಲಿ.

ಆ ಗುಂಡು ಸಾಕೆಟ್ ಹುಟ್ಟಿದ್ದು ಸಿಮ್ಯುಲೇಟರಿಗಾಗಿ ಅಲ್ಲ. ಅದು ಟ್ರೇನರ್ ಪೋರ್ಟ್. ಕಲಿಸುವವನ ರೇಡಿಯೋ, ಕಲಿಯುವವನ ರೇಡಿಯೋ ಎರಡನ್ನೂ ತಂತಿಯಲ್ಲಿ ಜೋಡಿಸಲು ಇಟ್ಟದ್ದು. ಕಲಿಸುವವನು ಒಂದು ಸ್ವಿಚ್ ಎಳೆದು ಹಿಡಿದಿರುವಷ್ಟು ಹೊತ್ತು ಶಿಷ್ಯನ ಸ್ಟಿಕ್ ವಿಮಾನವನ್ನು ನಡೆಸುತ್ತದೆ. ಶಿಷ್ಯ ಎಡವಟ್ಟು ಮಾಡಿದರೆ ಗುರು ಸ್ವಿಚ್ ಬಿಡುತ್ತಾನೆ, ಹತೋಟಿ ಅವನಿಗೆ ವಾಪಸ್ ಬರುತ್ತದೆ. ನಾವು ಮಾಡುತ್ತಿರುವುದು ಇಷ್ಟೇ: ಗುರುವಿನ ರೇಡಿಯೋ ಇರಬೇಕಾದ ಜಾಗದಲ್ಲಿ ಡಾಂಗಲ್ ಕೂರಿಸುವುದು. ಅಂದರೆ ನಿಮ್ಮ ರೇಡಿಯೋ ಈಗ ಶಿಷ್ಯ. ಈ ಮಾತು ನೆನಪಿರಲಿ, ಮೆನುವಿನಲ್ಲಿ ಬೇಕಾಗುತ್ತದೆ.

ತಂತಿಯಲ್ಲಿ ಹೋಗುವ ಸಂಕೇತಕ್ಕೆ ಪಿಪಿಎಂ ಅಂತ ಹೆಸರು. ಮಂಡ್ಯ ಸ್ಟೇಷನ್ನಿನಲ್ಲಿ ನಿಂತು ರೈಲು ನೋಡುತ್ತಿದ್ದೀರಿ ಅಂದುಕೊಳ್ಳಿ. ಬೋಗಿಗಳ ಮೇಲೆ ಹೆಸರಿಲ್ಲ. ಬರುವ ಸರತಿಯಿಂದಲೇ ಗುರುತು ಹಿಡಿಯಬೇಕು. ಒಂದೊಂದು ಬೋಗಿ ಅಂದರೆ ಒಂದೊಂದು ಚಾನೆಲ್. ಫ್ಲೈಸ್ಕೈಯಲ್ಲಿ ಮೊದಲ ಬೋಗಿ ಏಲೆರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸುವುದು), ಎರಡನೆಯದು ಎಲಿವೇಟರ್ (ಮೂಗು ಏರಿಸಿ ಇಳಿಸುವುದು), ಮೂರನೆಯದು ಥ್ರಾಟಲ್ (ಮೋಟರಿನ ವೇಗ), ನಾಲ್ಕನೆಯದು ರಡರ್ (ಮೂಗನ್ನು ಎಡಬಲಕ್ಕೆ ತಿರುಗಿಸುವುದು). ಬೋಗಿಯ ಉದ್ದ ಸ್ಟಿಕ್ ಎಲ್ಲಿದೆ ಅಂತ ಹೇಳುತ್ತದೆ. ಒಂದು ತುದಿಯಲ್ಲಿದ್ದರೆ ಸುಮಾರು 1 ಮಿಲಿಸೆಕೆಂಡ್, ನಡುವೆ ಇದ್ದರೆ 1.5, ಇನ್ನೊಂದು ತುದಿಯಲ್ಲಿ 2. ಎಲ್ಲ ಬೋಗಿ ದಾಟಿದ ಮೇಲೆ ಉದ್ದನೆಯ ಖಾಲಿ. ಆ ಖಾಲಿ ಕಂಡಾಗಲೇ ಡಾಂಗಲ್‌ಗೆ ‘ಇನ್ನು ಬರುವುದು ಹೊಸ ರೈಲು, ಮತ್ತೆ ಒಂದರಿಂದ ಎಣಿಸು’ ಅಂತ ಗೊತ್ತಾಗುವುದು. ಇಡೀ ರೈಲಿಗೆ ಸಾಮಾನ್ಯವಾಗಿ 20ರಿಂದ 22.5 ಮಿಲಿಸೆಕೆಂಡ್ ಹಿಡಿಯುತ್ತದೆ. ಎಂಟು ಚಾನೆಲ್ ಎಲ್ಲವೂ ಉದ್ದದ ತುದಿಯಲ್ಲಿದ್ದರೂ 16 ಮಿಲಿಸೆಕೆಂಡ್, 22.5ರಲ್ಲಿ ಇನ್ನೂ 6.5 ಖಾಲಿ ಉಳಿಯುತ್ತದೆ. ಸೆಕೆಂಡಿಗೆ ಸುಮಾರು 44 ರೈಲು.

ಇದನ್ನು ಇಷ್ಟುದ್ದ ಹೇಳಿದ್ದು ಯಾಕೆಂದರೆ, ‘ಥ್ರಾಟಲ್ ಕೊಟ್ಟರೆ ರೆಕ್ಕೆ ಅಲ್ಲಾಡುತ್ತೆ’ ಅಂತ ಗಾಬರಿಯಾಗುವವರು ಜಾಸ್ತಿ. ಅದು ಕೆಟ್ಟಿರುವುದಲ್ಲ. ಸ್ಪೆಕ್ಟ್ರಂ ಮತ್ತು ಜೆಆರ್ ರೇಡಿಯೋಗಳಲ್ಲಿ ಥ್ರಾಟಲ್ಲೇ ಮೊದಲ ಬೋಗಿ. ಆ ಸರತಿಗೆ ಹೊಂದಿಸಿಟ್ಟ ಸಿಮ್ಯುಲೇಟರಿಗೆ ಫ್ಲೈಸ್ಕೈ ಜೋಡಿಸಿದರೆ ಏಲೆರಾನನ್ನೇ ಥ್ರಾಟಲ್ ಅಂದುಕೊಳ್ಳುತ್ತದೆ. ಸಿಮ್ಯುಲೇಟರಿನೊಳಗೆ ಯಾವ ಚಾನೆಲ್ ಯಾವ ಕೆಲಸಕ್ಕೆ ಅಂತ ಹೇಳಿಕೊಟ್ಟರೆ ಮುಗಿಯಿತು.

ಈಗ ನಿಮ್ಮ ಕೆಲಸಕ್ಕೆ ಬರೋಣ. ರೇಡಿಯೋ ಕಡೆಯಿಂದ ಶುರುಮಾಡಿ ಕಂಪ್ಯೂಟರ್ ಕಡೆಗೆ ನಡೆಯಿರಿ. ಸಿಮ್ಯುಲೇಟರ್ ತೆರೆಯಲೇ ಬೇಡಿ. ಎಲ್ಲರೂ ಮಾಡುವ ತಪ್ಪು ಅದೇ, ಸಿಮ್ಯುಲೇಟರ್ ತೆರೆದಿಟ್ಟುಕೊಂಡು ಹಿಂದಕ್ಕೆ ಹುಡುಕುವುದು.

ರೇಡಿಯೋದಲ್ಲಿ ಒಳ್ಳೆಯ ನಾಲ್ಕು ಡಬಲ್ ಎ ಸೆಲ್ ಹಾಕಿ. ಥ್ರಾಟಲ್ ಪೂರ್ತಿ ಕೆಳಗೆ, ಮೇಲಿನ ಸ್ವಿಚ್‌ಗಳೆಲ್ಲ ಮೇಲಕ್ಕೆ. ಇಲ್ಲದಿದ್ದರೆ ಐ6 ಎಚ್ಚರಿಕೆ ಕೊಟ್ಟು ಅಲ್ಲೇ ನಿಂತುಬಿಡುತ್ತದೆ. ಓಕೆ ಗುಂಡಿಯನ್ನು ಒತ್ತಿ ಹಿಡಿದರೆ ಮೆನು ಬರುತ್ತದೆ. ಫಂಕ್ಷನ್ಸ್ ಒಳಗೆ ಡಿಸ್‌ಪ್ಲೇ ಅಂತ ಇದೆ. ಅಲ್ಲಿ ಸ್ಟಿಕ್ ಅಲ್ಲಾಡಿಸಿದರೆ ಪಟ್ಟಿಗಳು ಓಡಬೇಕು. ಓಡಿದರೆ ರೇಡಿಯೋ ಆರೋಗ್ಯವಾಗಿದೆ, ಆ ಚಿಂತೆ ಬಿಡಿ. ಆಮೇಲೆ ಸಿಸ್ಟಮ್ ಒಳಗೆ ಹೋಗಿ ಸ್ಟೂಡೆಂಟ್ ಮೋಡ್ ಆನ್ ಮಾಡಿ. ಅದರ ಪಕ್ಕದ ಟ್ರೇನರ್ ಮೋಡ್ ಅಲ್ಲ, ಅದು ಗುರುವಿನ ರೇಡಿಯೋಗೆ.

ಈ ರೇಡಿಯೋದಲ್ಲಿ ಒಂದು ತಮಾಷೆ ಇದೆ. ಏನೇ ಬದಲಿಸಿದರೂ ಉಳಿಸಬೇಕಾದರೆ ಕ್ಯಾನ್ಸಲ್ ಗುಂಡಿಯನ್ನು ಒತ್ತಿ ಹಿಡಿಯಬೇಕು. ಹೌದು, ಸೇವ್ ಮಾಡಲು ಕ್ಯಾನ್ಸಲ್! ಸುಮ್ನೆ ಒಂದು ಸಲ ಒತ್ತಿ ಹೊರಬಂದರೆ ಬದಲಾವಣೆ ಉಳಿಯುವುದಿಲ್ಲ. ನಿಮ್ಮದು ‘ಒಂದೆರಡು ಸಲ ಆಯಿತು, ಆಮೇಲೆ ಇಲ್ಲ’ ಅನ್ನುವ ಕಥೆ ಅಲ್ವಾ? ಅದಕ್ಕೆ ಎರಡೇ ಕಾರಣ ನನಗೆ ಹೊಳೆಯುವುದು. ಒಂದೋ ಸೆಟ್ಟಿಂಗ್ ಉಳಿದಿಲ್ಲ, ಇಲ್ಲವೇ ಪ್ಲಗ್ ಸಡಿಲ.

ಕೇಬಲ್ ವಿಷಯ. ಗುಂಡು ಪ್ಲಗ್ಗಿನ ಪಿನ್‌ಗಳು ಬಹಳ ತೆಳು. ತಿರುಗಿಸಿ ಬಲವಂತ ಮಾಡಿದರೆ ಬಾಗುತ್ತವೆ. ಟಾರ್ಚ್ ಬಿಟ್ಟು ನೋಡಿ. ಪೂರ್ತಿ ಒಳಗೆ ಕೂತಿದೆಯಾ, ಇನ್ನೊಂದು ತುದಿಯ 3.5 ಮಿಲಿಮೀಟರ್ ಪಿನ್ ಡಾಂಗಲ್ಲಿನಲ್ಲಿ ‘ಟಕ್’ ಅಂತ ಕೂತಿದೆಯಾ ನೋಡಿ. ಡಾಂಗಲ್ ಜೊತೆ ಬಂದ ಅಡಾಪ್ಟರ್‌ಗಳಲ್ಲಿ ಎರಡು ಮೂರು ನೋಡಲು ಒಂದೇ ಥರ ಇರುತ್ತವೆ. ಆಕಾರ ಒಂದೇ ಅಂದಮಾತ್ರಕ್ಕೆ ಒಳಗಿನ ವೈರಿಂಗ್ ಒಂದೇ ಅಲ್ಲ. ಫ್ಲೈಸ್ಕೈಗೆ ಅಂತ ಗುರುತಿರುವುದನ್ನೇ ಬಳಸಿ. ನೀವು ಇಂಜಿನಿಯರಿಂಗ್ ಹುಡುಗರು, ಬೆಸುಗೆ ಹಾಕುವ ಆಸೆ ಇರುತ್ತದೆ. ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಮೊದಲು ಮಲ್ಟಿಮೀಟರಿನಲ್ಲಿ ಬ್ಯಾಟರಿಯ ಮೈನಸ್ಸಿಗೆ ಯಾವ ಪಿನ್ ಸೇರುತ್ತದೆ ಅಂತ ನೋಡಿ ಗ್ರೌಂಡ್ ಗುರುತಿಸಿಕೊಳ್ಳಿ. ಊಹೆಯ ಮೇಲೆ ಎರಡು ಪಿನ್ ಕೂಡಿಸಬೇಡಿ.

ಡಾಂಗಲ್ ಮೇಲೆ ಒಂದು ಸಣ್ಣ ಸ್ವಿಚ್ ಇರುತ್ತದೆ. ಒಂದೊಂದು ಸ್ಥಾನದಲ್ಲಿ ಒಂದೊಂದು ಸಿಮ್ಯುಲೇಟರಿಗೆ ಬೇಕಾದ ವೇಷ ಹಾಕುತ್ತದೆ. ಎಲ್ಲ ವೇಷವೂ ವಿಂಡೋಸ್‌ಗೆ ಸಾದಾ ಜಾಯ್‌ಸ್ಟಿಕ್ ಆಗಿ ಕಾಣುವುದಿಲ್ಲ. ಒಂದೊಂದೇ ಸ್ಥಾನ ಬದಲಿಸಿ ನೋಡಿ. ಪ್ರತಿ ಸಲ ಬದಲಿಸಿದ ಮೇಲೆ ಯುಎಸ್‌ಬಿಯಿಂದ ತೆಗೆದು ಮತ್ತೆ ಚುಚ್ಚಿ. ಚುಚ್ಚಿದಾಗ ಇದ್ದ ಸ್ಥಾನವನ್ನೇ ಅದು ಹಿಡಿದುಕೊಂಡಿರುತ್ತದೆ.

ಇಷ್ಟಾದ ಮೇಲೆ ವಿಂಡೋಸ್. ಹುಡುಕುವ ಜಾಗದಲ್ಲಿ ‘ಗೇಮ್ ಕಂಟ್ರೋಲರ್’ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಯುಎಸ್‌ಬಿ ಗೇಮ್ ಕಂಟ್ರೋಲರ್‌ಗಳ ಪುಟ ಬರುತ್ತದೆ. ಹೆಸರು ಆರಿಸಿ ಪ್ರಾಪರ್ಟೀಸ್ ತೆರೆಯಿರಿ. ಒಂದು ಚೌಕದಲ್ಲಿ ಪ್ಲಸ್ ಗುರುತು, ಪಕ್ಕದಲ್ಲಿ ಪಟ್ಟಿಗಳು. ಸ್ಟಿಕ್ ಜೊತೆ ಅವು ಓಡಬೇಕು. ಇಲ್ಲಿ ಓಡಿದರೆ ಮಾತ್ರ ಸಿಮ್ಯುಲೇಟರ್ ತೆರೆಯಿರಿ. ಇಲ್ಲಿ ಓಡದೆ ಸಿಮ್ಯುಲೇಟರಿನಲ್ಲಿ ಓಡುವುದು ಅಪರೂಪ. ಹಿಂದೆ ಯಾರಾದರೂ ಇದೇ ಪುಟದಲ್ಲಿ ತಪ್ಪಾಗಿ ಕ್ಯಾಲಿಬ್ರೇಟ್ ಮಾಡಿದ್ದರೆ (ಸ್ಟಿಕ್‌ನ ನಡು, ತುದಿ ಯಾವುದು ಅಂತ ಕಂಪ್ಯೂಟರಿಗೆ ತೋರಿಸಿಕೊಡುವುದು) ‘ರೀಸೆಟ್ ಟು ಡಿಫಾಲ್ಟ್’ ಒತ್ತಿ. ಕ್ಯಾಲಿಬ್ರೇಷನ್ ಎರಡು ಕಡೆ ಬೇಡ, ಸಿಮ್ಯುಲೇಟರಿನೊಳಗೆ ಮಾಡಿದರೆ ಸಾಕು.

ಎರಡನೆಯ ತೊಂದರೆ, ಎಡಕ್ಕೆ ಮಗುಚುವುದು. ಇದರಲ್ಲಿ ಒಂದು ಸ್ವಾರಸ್ಯ ಇದೆ. ಒಳ್ಳೆಯ ಸಿಮ್ಯುಲೇಟರ್ ಬೇಕೆಂದೇ ವಿಮಾನವನ್ನು ಎಡಕ್ಕೆ ಎಳೆಯುತ್ತದೆ! ಪ್ರೊಪೆಲ್ಲರ್ ಒಂದು ಕಡೆಗೆ ತಿರುಗಿದರೆ ವಿಮಾನದ ಮೈ ಅದರ ವಿರುದ್ಧ ದಿಕ್ಕಿಗೆ ತಿರುಚಿಕೊಳ್ಳಲು ನೋಡುತ್ತದೆ. ಹಿಂದಿನಿಂದ ನೋಡಿದಾಗ ಬಲಕ್ಕೆ ಸುತ್ತುವ ಪ್ರೊಪೆಲ್ಲರ್ ಇದ್ದರೆ ಮೈ ಎಡಕ್ಕೆ. ನಿಜವಾದ ವಿಮಾನದಲ್ಲೂ ಹೀಗೇ. ನಿಮ್ಮ ಫೋಮ್ ವಿಮಾನ ಕಬ್ಬಿಗೆ ಹೋದದ್ದರಲ್ಲಿ ಇದರ ಪಾಲೂ ಇದ್ದಿರಬಹುದು. ಕೈಯಿಂದ ಎಸೆದ ಕೂಡಲೇ ಫುಲ್ ಥ್ರಾಟಲ್, ವೇಗ ಕಡಿಮೆ, ಎಡರೆಕ್ಕೆ ಕೆಳಗೆ, ಮುಗಿಯಿತು.

ಹಾಗಾದರೆ ದೋಷವೋ ಸಹಜವೋ ಅಂತ ತಿಳಿಯುವುದು ಹೇಗೆ? ಸಿಮ್ಯುಲೇಟರಿನಲ್ಲಿ ಗಾಳಿ ಸೊನ್ನೆ ಮಾಡಿ. ಎತ್ತರಕ್ಕೆ ಒಯ್ದು ಥ್ರಾಟಲ್ ಪೂರ್ತಿ ಇಳಿಸಿ. ಸ್ಟಿಕ್‌ನಿಂದ ಕೈ ತೆಗೆಯಿರಿ. ತೇಲುವಾಗ ನೆಟ್ಟಗೆ ಹೋದರೆ ಅದು ಪ್ರೊಪೆಲ್ಲರಿನ ಎಳೆತ, ಸ್ವಲ್ಪ ಬಲ ರಡರ್ ಕೊಡಲು ಕಲಿಯಿರಿ. ತೇಲುವಾಗಲೂ ಮಗುಚಿದರೆ ಸಂಕೇತದ ನಡು ಬಿಂದು ತಪ್ಪಿದೆ.

ನಡು ಬಿಂದು ತಪ್ಪಲು ಮಾಮೂಲಿ ಕಾರಣ ಟ್ರಿಮ್, ಅಂದರೆ ನಡು ಬಿಂದುವನ್ನು ಚೂರು ಅತ್ತಿತ್ತ ಸರಿಸುವ ಗುಂಡಿ. ಗದ್ದೆಯಲ್ಲಿ ಹಾರಿಸುವಾಗ ವಿಮಾನ ಸರಿಮಾಡಲು ಏಲೆರಾನ್ ಟ್ರಿಮ್ಮನ್ನು ಟಿಕ್ ಟಿಕ್ ಅಂತ ಒತ್ತಿರುತ್ತೀರಿ. ಅದು ರೇಡಿಯೋದಲ್ಲಿ ಹಾಗೇ ಕೂತಿರುತ್ತದೆ. ಮೆನುವಿನೊಳಗಿನ ಸಬ್‌ಟ್ರಿಮ್ಮೂ ಅಷ್ಟೇ. ಇನ್ನೊಂದು ಕಾರಣ ಲ್ಯಾಪ್‌ಟಾಪಿಗೆ ಚುಚ್ಚಿಟ್ಟ ಬೇರೆ ಗೇಮ್‌ಪ್ಯಾಡ್. ಸಿಮ್ಯುಲೇಟರ್ ಎರಡರ ಮಾತೂ ಕೇಳುತ್ತಿರುತ್ತದೆ. ಕಿತ್ತುಹಾಕಿ.

ನನ್ನ ಸಲಹೆ, ಸಿಮ್ಯುಲೇಟರಿಗೆ ಅಂತಲೇ ರೇಡಿಯೋದಲ್ಲಿ ಒಂದು ಖಾಲಿ ಮಾಡೆಲ್ ಮಾಡಿಕೊಳ್ಳಿ. ಒಂದು ವಿಮಾನಕ್ಕೆ ಬೇಕಾದ ಸೆಟ್ಟಿಂಗ್‌ಗಳ ಕಟ್ಟಿಗೆ ಮಾಡೆಲ್ ಅನ್ನುತ್ತಾರೆ. ಐ6ನಲ್ಲಿ 20 ಮಾಡೆಲ್‌ಗೆ ಜಾಗ ಇದೆ, ಬಡತನ ಏನಿಲ್ಲ. ಹೊಸದೊಂದನ್ನು ಆರಿಸಿ, ರೀಸೆಟ್ ಮಾಡಿ, ‘ಸಿಮ್’ ಅಂತ ಹೆಸರಿಡಿ. ಟ್ರಿಮ್ ಸೊನ್ನೆ, ಸಬ್‌ಟ್ರಿಮ್ ಸೊನ್ನೆ, ಎಂಡ್ ಪಾಯಿಂಟ್ (ಚಾನೆಲ್‌ನ ಓಟದ ಮಿತಿ) 100, ಒಂದು ಚಾನೆಲ್ ಇನ್ನೊಂದಕ್ಕೆ ಕಲಸುವ ಮಿಕ್ಸ್ ಯಾವುದೂ ಬೇಡ. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಒಮ್ಮೆ ಬಾಲವಿಲ್ಲದ ಡೆಲ್ಟಾ ವಿಮಾನ ಹಾರಿಸಿ ಬಂದು, ಅದೇ ಮಾಡೆಲ್‌ನಲ್ಲಿ ಸಿಮ್ಯುಲೇಟರ್ ಶುರುಮಾಡಿದೆ. ಬಲಕ್ಕೆ ವಾಲಿಸಿದರೆ ಮೂಗೂ ಮೇಲೇಳುತ್ತಿತ್ತು. ಮೂಗು ತಗ್ಗಿಸಿದರೆ ಪಕ್ಕಕ್ಕೂ ವಾಲುತ್ತಿತ್ತು. ಕೇಬಲ್ ಕೆಟ್ಟಿದೆ ಅಂತ ನಮ್ಮ ಮೈಸೂರಿನ ಶಿವರಾಂಪೇಟೆಗೆ ಹೋಗಿ ಎರಡು ಸಲ ತಂತಿ ತಂದೆ, ಬೆಸುಗೆ ಹಾಕಿದೆ, ಕಿತ್ತೆ. ಮೂರನೆಯ ದಿನ ಹೊಳೆಯಿತು. ರೇಡಿಯೋದಲ್ಲಿ ಎಲೆವಾನ್ ಮಿಕ್ಸ್ ಆನ್ ಇತ್ತು. ಏಲೆರಾನ್, ಎಲಿವೇಟರ್ ಎರಡನ್ನೂ ಕಲಸಿ ಎರಡು ಚಾನೆಲ್‌ಗೆ ಹಂಚುವುದೇ ಅದರ ಕೆಲಸ. ರೇಡಿಯೋ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು.

ಕ್ಯಾಲಿಬ್ರೇಟ್ ಮಾಡುವಾಗ ‘ಎಲ್ಲ ಸ್ಟಿಕ್ ನಡುವೆ ಇಡಿ’ ಅಂದರೆ ಥ್ರಾಟಲ್ಲನ್ನೂ ನಡುವೆ ಇಡಬೇಕು. ಅಭ್ಯಾಸಬಲದಿಂದ ಅದನ್ನು ಕೆಳಗೇ ಬಿಟ್ಟು ಮುಂದೆ ಒತ್ತುತ್ತೇವೆ. ಆಮೇಲೆ ಸ್ಟಿಕ್ ಕೆಳಗಿದ್ದರೂ ಮೋಟರ್ ಅರ್ಧ ವೇಗದಲ್ಲಿ ತಿರುಗುತ್ತದೆ. ಸ್ಟಿಕ್‌ಗಳನ್ನು ಮೂಲೆ ಮೂಲೆಗೆ ಪೂರ್ತಿ ಸುತ್ತಿಸಿ, ಆದರೆ ಅಂಚಿಗೆ ಒತ್ತಿ ಅದುಮಬೇಡಿ. ಸ್ಟೀಮ್ ಅನ್ನುವ ಆನ್‌ಲೈನ್ ಆಟದಂಗಡಿಯ ಮೂಲಕ ಸಿಮ್ಯುಲೇಟರ್ ಹಾಕಿಕೊಂಡಿದ್ದರೆ ಅದರ ಸೆಟ್ಟಿಂಗಿನಲ್ಲಿ ಸ್ಟೀಮ್ ಇನ್‌ಪುಟ್ ಆಫ್ ಮಾಡಿ. ಅದು ರೇಡಿಯೋವನ್ನು ಗೇಮ್‌ಪ್ಯಾಡ್ ಅಂದುಕೊಂಡು ಮಧ್ಯೆ ಕೈ ಹಾಕುತ್ತದೆ.

ಒಂದು ಎಚ್ಚರಿಕೆ. ಸಿಮ್ಯುಲೇಟರ್ ಆಡುವಾಗ ನಿಜವಾದ ವಿಮಾನದ ಬ್ಯಾಟರಿ ಕಿತ್ತಿಡಿ. ಪರದೆಯ ಮೇಲೆ ಥ್ರಾಟಲ್ ಕೊಟ್ಟಾಗ ಮೇಜಿನ ಮೇಲಿನ ಪ್ರೊಪೆಲ್ಲರ್ ತಿರುಗಿದರೆ ಬೆರಳು ಹೋಗುತ್ತದೆ.

ಡಾಂಗಲ್ ನಿಜವಾಗಿಯೂ ಸತ್ತಿದ್ದರೆ ಏನು ದಾರಿ? ಹಳಬರು ಪಿಪಿಎಂ ತಂತಿಯನ್ನು ಕಂಪ್ಯೂಟರಿನ ಮೈಕ್ ಸಾಕೆಟ್ಟಿಗೇ ಚುಚ್ಚುತ್ತಿದ್ದರು. ಸ್ಮಾರ್ಟ್‌ಪ್ರೊಪೋಪ್ಲಸ್ ಅನ್ನುವ ಉಚಿತ ತಂತ್ರಾಂಶ ಆ ಸದ್ದನ್ನು ಓದಿ ಜಾಯ್‌ಸ್ಟಿಕ್ ಮಾಡಿಕೊಡುತ್ತದೆ. ಈಗ ನಾನು ಅದನ್ನು ಹೇಳುವುದಿಲ್ಲ. ಇಂದಿನ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್, ಹೆಡ್‌ಫೋನ್ ಒಂದೇ ತೂತು. ಮೇಲಾಗಿ ಗದ್ದಲ ಕಡಿಮೆ ಮಾಡುತ್ತೇನೆ ಅಂತ ಸೌಂಡ್ ಡ್ರೈವರ್ ನಮ್ಮ ಸಂಕೇತವನ್ನೇ ತಿಂದುಹಾಕುತ್ತದೆ.

ನಿಮ್ಮಂಥವರಿಗೆ ಚೆನ್ನಾಗಿ ಒಪ್ಪುವುದು ಆರ್ಡುಯಿನೋ, ನಾವೇ ಪ್ರೋಗ್ರಾಂ ಬರೆದು ಹಾಕುವ ಪುಟ್ಟ ಬೋರ್ಡು. ಆದರೆ ಲ್ಯಾಬಿನಲ್ಲಿ ಸಿಗುವ ಊನೋ ಅಲ್ಲ. ಅದರ ಯುಎಸ್‌ಬಿ ಕೆಲಸ ಬೇರೆ ಚಿಪ್ಪಿನದು, ಜಾಯ್‌ಸ್ಟಿಕ್ ವೇಷ ಹಾಕಿಸುವುದು ತಲೆನೋವು. ಲಿಯೊನಾರ್ಡೊ ಅಥವಾ ಪ್ರೊ ಮೈಕ್ರೋ ತೆಗೆದುಕೊಳ್ಳಿ. ಅದರ ಎಟಿಮೆಗಾ32ಯು4 ಚಿಪ್ ನೇರವಾಗಿ ಯುಎಸ್‌ಬಿ ಮಾತಾಡುತ್ತದೆ. ಪಿಪಿಎಂ ತಂತಿಯನ್ನು 7ನೇ ಪಿನ್ನಿಗೆ, ಗ್ರೌಂಡನ್ನು ಗ್ರೌಂಡಿಗೆ. ಪ್ರತಿ ಮಿಡಿತದ ನಡುವಿನ ಸಮಯ ಅಳೆಯಿರಿ, 3 ಮಿಲಿಸೆಕೆಂಡಿಗಿಂತ ದೊಡ್ಡ ಖಾಲಿ ಬಂದರೆ ಎಣಿಕೆ ಮತ್ತೆ ಶುರು. ಮೈಕ್ರೋಸೆಕೆಂಡ್ ಎಣಿಸುವ ಮಾಮೂಲಿ ಫಂಕ್ಷನ್ 4ರ ಹೆಜ್ಜೆಯಲ್ಲಿ ಎಣಿಸುತ್ತದೆ. 1000 ಮೈಕ್ರೋಸೆಕೆಂಡಿನ ಓಟಕ್ಕೆ 250 ಮೆಟ್ಟಿಲು ಸಿಕ್ಕ ಹಾಗಾಯಿತು. ಕಲಿಯಲು ಧಾರಾಳ ಸಾಕು. ಇನ್ನೂ ನಯ ಬೇಕು ಅನ್ನಿಸಿದರೆ ಟೈಮರ್ 1 ನೇರವಾಗಿ ಬಳಸಿ. ಒಂದು ಭಾನುವಾರದ ಕೆಲಸ.

ಮುಂದೆ ಎಂದಾದರೂ ಎಡ್ಜ್‌ಟಿಎಕ್ಸ್ ಅನ್ನುವ ತಂತ್ರಾಂಶ ಇರುವ ರೇಡಿಯೋ ಕೊಂಡರೆ ಇದ್ಯಾವ ರಗಳೆಯೂ ಇಲ್ಲ. ಯುಎಸ್‌ಬಿ ಚುಚ್ಚಿದರೆ ‘ಜಾಯ್‌ಸ್ಟಿಕ್ಕಾ, ಸ್ಟೋರೇಜಾ’ ಅಂತ ಅದೇ ಕೇಳುತ್ತದೆ. ಅಲ್ಲಿ ಜನ ಎಡವುವುದು ಕೇಬಲ್ಲಿನಲ್ಲಿ. ಅಗ್ಗದ ಚಾರ್ಜಿಂಗ್ ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ.

ಸಿಮ್ಯುಲೇಟರ್ ಯಾವುದು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕಾಸು ಕೊಡುವುದಾದರೆ ರಿಯಲ್‌ಫ್ಲೈಟ್. ಕಾಸಿಲ್ಲದೆ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುವುದು ಪಿಕಾಸಿಮ್. ಲಿನಕ್ಸ್ ಇದ್ದರೆ ಸಿಆರ್‌ಆರ್‌ಸಿಸಿಮ್. ಲಿಫ್ಟಾಫ್, ವೆಲಾಸಿಡ್ರೋನ್ ಎಲ್ಲ ಡ್ರೋನ್ ರೇಸಿನವರಿಗೆ. ಎಕ್ಸ್-ಪ್ಲೇನ್, ಫ್ಲೈಟ್‌ಗಿಯರ್ ಚೆನ್ನಾಗಿವೆ, ಆದರೆ ಅಲ್ಲಿ ನೀವು ವಿಮಾನದೊಳಗೆ ಕೂತಿರುತ್ತೀರಿ. ನೀವು ಕಲಿಯಬೇಕಾಗಿರುವುದು ನೆಲದ ಮೇಲೆ ನಿಂತು ನೋಡುವುದನ್ನು. ವಿಮಾನದ ಹಿಂದೆ ಓಡುವ ಕ್ಯಾಮೆರಾ ಆಫ್ ಮಾಡಿ, ಒಂದೇ ಕಡೆ ನಿಂತ ಕಣ್ಣಿನ ನೋಟ ಇಡಿ.

ಯಾಕೆಂದರೆ ವಿಮಾನ ನಿಮ್ಮ ಕಡೆಗೆ ಬರುವಾಗ ಎಡ ಬಲ ಅದಲುಬದಲಾಗುತ್ತದೆ. ಹೊಸಬರ ವಿಮಾನ ಬೀಳುವುದು ಬಹುತೇಕ ಇಲ್ಲೇ. ಒಂದು ಸುಲಭ ಉಪಾಯ ಇದೆ: ಎದುರು ಬರುವಾಗ ಯಾವ ರೆಕ್ಕೆ ಕೆಳಗಿದೆಯೋ ಆ ಕಡೆಗೇ ಸ್ಟಿಕ್ ತಳ್ಳಿ, ಬೀಳುವ ಗೋಡೆಗೆ ಊರುಗೋಲು ಕೊಟ್ಟ ಹಾಗೆ. ದಿನಕ್ಕೆ ಕಾಲು ಗಂಟೆ ಇದನ್ನೇ ಮಾಡಿ. ಲೂಪು, ರೋಲು ಆಮೇಲೆ. ಇದು ಕೈಗೆ ಹತ್ತಿದ ಮೇಲೆ ಗಾಳಿ ಸ್ವಲ್ಪ ಸ್ವಲ್ಪ ಏರಿಸಿ. ನಮ್ಮ ಕಡೆ ಆಷಾಢದ ಗಾಳಿಗೆ ಫೋಮ್ ವಿಮಾನ ಮುಂದೆ ಹೋಗದೆ ಹಿಂದಕ್ಕೇ ಬಂದದ್ದನ್ನು ನಾನು ನೋಡಿದ್ದೇನೆ.

ಮೈಸೂರಿನ ನಮಗಂತೂ ಸಿಮ್ಯುಲೇಟರ್ ಬೇಕೇ ಬೇಕು. ಮಂಡಕಳ್ಳಿ ವಿಮಾನ ನಿಲ್ದಾಣ ಊರಿಗೆ ಹತ್ತಿರ. 2021ರ ಡ್ರೋನ್ ನಿಯಮಗಳ ಪ್ರಕಾರ ವಿಮಾನ ನಿಲ್ದಾಣದ ಗಡಿಯಿಂದ 8 ಕಿಲೋಮೀಟರ್ ಒಳಗೆ ಅನುಮತಿ ಇಲ್ಲದೆ ಹಾರಿಸುವಂತಿಲ್ಲ, 8ರಿಂದ 12ರೊಳಗೆ 200 ಅಡಿವರೆಗೆ ಮಾತ್ರ. ನಿಮಗೆ ಮಂಡ್ಯದಲ್ಲಿ ಆ ತೊಡಕು ಕಡಿಮೆ, ಆದರೂ ಎಲ್ಲಿ ಅನುಮತಿ ಬೇಕು ಅಂತ ಬಣ್ಣದಲ್ಲಿ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಬಯಲು ಯಾವ ಬಣ್ಣದಲ್ಲಿದೆ ಅಂತ ನೋಡಿಕೊಳ್ಳಿ.

ಎಕ್ಸ್‌ಪೋ, ಅಂದರೆ ನಡು ಬಿಂದುವಿನ ಹತ್ತಿರ ಸ್ಟಿಕ್ಕನ್ನು ಮೆತ್ತಗಾಗಿಸುವ ಸೆಟ್ಟಿಂಗ್, ಅದರ ಬಗ್ಗೆ ಒಂದು ಮಾತು ಬಿಟ್ಟುಹೋಗಿತ್ತು. ಶುರುವಿಗೆ ಬೇಡ. ಬೇಕು ಅನ್ನಿಸಿದಾಗ ರೇಡಿಯೋದಲ್ಲಿ ಹಾಕಿ, ಸಿಮ್ಯುಲೇಟರಿನಲ್ಲಿ ಹಾಕಬೇಡಿ. ಬಯಲಿಗೆ ನಿಮ್ಮ ಜೊತೆ ಬರುವುದು ರೇಡಿಯೋ ತಾನೇ?

ಬಯಲಿಗೆ ಹೊರಡುವ ದಿನ ಸ್ಟೂಡೆಂಟ್ ಮೋಡ್ ಆಫ್ ಮಾಡಿ. ‘ಸಿಮ್’ ಬಿಟ್ಟು ನಿಮ್ಮ ವಿಮಾನದ ಮಾಡೆಲ್ ಆರಿಸಿ, ಕ್ಯಾನ್ಸಲ್ ಒತ್ತಿ ಹಿಡಿಯಿರಿ. ಖಾಲಿ ಮಾಡೆಲ್‌ನಲ್ಲಿ ಸರ್ವೋ ರಿವರ್ಸ್ ಇರುವುದಿಲ್ಲ. ಬಲಕ್ಕೆ ಸ್ಟಿಕ್ ತಳ್ಳಿದರೆ ರೆಕ್ಕೆ ಎಡಕ್ಕೆ ಕೆಲಸ ಮಾಡಬಹುದು. ಎಸೆಯುವ ಮುಂಚೆ ವಿಮಾನದ ಹಿಂದೆ ನಿಂತು ಸ್ಟಿಕ್ ಬಲಕ್ಕೆ ತಳ್ಳಿ. ಬಲ ಏಲೆರಾನ್ ಮೇಲೇಳಬೇಕು, ಎಡದ್ದು ಇಳಿಯಬೇಕು. ಸ್ಟಿಕ್ಕನ್ನು ನಿಮ್ಮ ಕಡೆ ಎಳೆದರೆ ಎಲಿವೇಟರ್ ಮೇಲೇಳಬೇಕು. ಒಂದು ತಪ್ಪಿದ್ದರೂ ಎಸೆಯಬೇಡಿ. ಮತ್ತೆ, ಈ ಸಲ ಕಬ್ಬು ಕಟಾವಾದ ಗದ್ದೆ ನೋಡಿಕೊಳ್ಳಿ.